ಬಣ್ಣ ಹಿಡಿಯುವವರೆಗೆ

ಮೊನ್ನೆ ಸಂಜೆ ಕರೆಂಟು ಹೋದಾಗ ಹಚ್ಚಿದ ಮೇಣದ ಬತ್ತಿಯ ವಾಸನೆಗೆ, ಬಣಕಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು.

ತೊಂಬತ್ತರ ದಶಕದ ಕೊನೆ. ಅಕ್ಕ ಊರವರಿಗೆಲ್ಲ ರವಿಕೆ ಹೊಲಿಯುತ್ತಿದ್ದರು. ಅವರ ಯಜಮಾನರು, ನನಗೆ ಭಾವ, ಕಳಸದ ದಾರಿಯಲ್ಲಿ ಜೀಪು ಓಡಿಸುತ್ತಿದ್ದರು. ಒಬ್ಬಳೇ ಮಗಳು, ಆಗಿನ್ನೂ ಎರಡನೇ ಕ್ಲಾಸು. ಆ ವರ್ಷ ಅಕ್ಕನಿಗೆ ಬೆಳಗಾದರೆ ತಲೆನೋವು, ವಾಂತಿ. ಪಿತ್ತವೆಂದುಕೊಂಡು ಕಷಾಯ ಕುಡಿದರು. ಸೂಜಿಯ ಕಣ್ಣು ಎರಡೆರಡಾಗಿ ಕಾಣತೊಡಗಿದ ಮೇಲೆ ಭಾವ ಮಂಗಳೂರಿಗೆ ಕರೆದೊಯ್ದರು. ಮಿದುಳಿನಲ್ಲಿ ಗಡ್ಡೆ...

ಆಪರೇಷನ್ ಮಾಡಿ ತೆಗೆದರು. ಆದರೆ ಅದು ಯಾವ ಬಗೆಯ ಗಡ್ಡೆ ಎಂಬುದು ಇತ್ಯರ್ಥವಾಗಲಿಲ್ಲ.

"ಎರಡು ಥರದ್ದು ಮೈಕ್ರೋಸ್ಕೋಪಲ್ಲಿ ಒಂದೇ ಥರ ಕಾಣ್ತವೆ," ಎಂದರು ಡಾಕ್ಟರು. "ಒಂದಾದ್ರೆ ಮತ್ತೆ ಬೆಳೆಯೋ ಭಯ, ಕರೆಂಟ್ ಕೊಡಬೇಕು, ಅಂದ್ರೆ ರೇಡಿಯೇಷನ್. ನರಕೋಶದ್ದಾದ್ರೆ ತೆಗೆದಿದ್ದೇ ಸಾಕಾಗಬಹುದು. ನರಕೋಶದಲ್ಲಿ ಒಂದು ಪ್ರೋಟೀನ್ ಇರುತ್ತೆ. ಅದಕ್ಕೆ ಬಣ್ಣ ಹಿಡಿಯುತ್ತಾ ನೋಡಬೇಕು."

ಆ ಪರೀಕ್ಷೆ ಅಲ್ಲಿರಲಿಲ್ಲ. ಗಡ್ಡೆಯ ಚೂರನ್ನು ಹುದುಗಿಸಿಟ್ಟ ಪುಟ್ಟ ಮೇಣದ ತುಂಡನ್ನು ನಾನೇ ಬಸ್ಸಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಒಯ್ದೆ. ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಉತ್ತರಕ್ಕೆ ಕಾಯುತ್ತಿದ್ದ ಆ ದಿನಗಳಲ್ಲಿ ಅಕ್ಕ ಅತ್ತಿದ್ದನ್ನು ನಾನು ಕಾಣಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತು, ಮಗಳಿಗೆ ಜಡೆ ಹೆಣೆಯುವುದನ್ನು ಭಾವನಿಗೆ ಕಲಿಸಿದರು.

"ಮೂರೂ ಎಳೆ ಸಮ ಹಿಡೀರಿ ಮಾರಾಯ್ರೆ. ಜೀಪಿಗೆ ಹಗ್ಗ ಬಿಗಿದಂಗೆ ಎಳೀಬೇಡಿ."

"ನೀನೇ ಹಾಕು. ನಂಗೆ ಬರಲ್ಲ," ಎಂದು ಭಾವ ಬಾಚಣಿಗೆ ಕೆಳಗಿಟ್ಟುಬಿಟ್ಟರು.

"ಬರ್ಬೇಕು," ಎಂದರು ಅಕ್ಕ, ಮೆತ್ತಗೆ.

ಭಾವ ಬಾಚಣಿಗೆ ಮತ್ತೆ ಎತ್ತಿಕೊಂಡರು. ಮಗಳು ಏನೂ ತಿಳಿಯದೆ ನಗುತ್ತಿದ್ದಳು.

ಕೊನೆಗೆ ರಿಪೋರ್ಟ್ ಬಂತು. "ಬಣ್ಣ ಚೆನ್ನಾಗಿ ಹಿಡ್ದಿದೆ," ಎಂದರು ಡಾಕ್ಟರು. "ಗಡ್ಡೆ ಇದ್ದ ಜಾಗ, ಸ್ಕ್ಯಾನು, ಎಲ್ಲ ಸೇರಿಸಿ ನೋಡಿದ್ರೆ ಇದು ನರಕೋಶದ್ದೇ. ಕರೆಂಟ್ ಬೇಡ. ಆಗಾಗ ಬಂದು ತೋರಿಸ್ತಾ ಇರಿ."

ಭಾವ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಹೊರಗೆ ಹೋಗಿ ಜೀಪಿನ ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟರು. ಅಕ್ಕ ಪಕ್ಕದಲ್ಲಿ ಹತ್ತಿ ಕೂತು, "ಹಸಿವಾಗ್ತಿದೆ, ನಡೀರಿ," ಎಂದರು.

ಗಡ್ಡೆ ಮತ್ತೆ ಬರಲಿಲ್ಲ. ಅಕ್ಕ ಮತ್ತೆ ಹೊಲಿಗೆಗೆ ಕೂತರು, ಮಗಳ ಮದುವೆ ಮಾಡಿದರು, ಮೊಮ್ಮಗುವನ್ನು ಎತ್ತಿ ಆಡಿಸಿದರು. ಹೋದ ವರ್ಷ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದೆ, ಹೃದಯಾಘಾತವಾಗಿ ತೀರಿಕೊಂಡರು... ಸಿಗುವುದೇ ಇಲ್ಲ ಅಂದುಕೊಂಡಿದ್ದ ಇಷ್ಟು ವರ್ಷ ಸಿಕ್ಕಿತಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳುತ್ತಾರೆ. ಭಾವ ಹೌದೆಂದು ತಲೆಯಾಡಿಸುತ್ತಾರೆ. ಕಳೆದ ಭಾನುವಾರ ಇಬ್ಬರೇ ಇದ್ದಾಗ ನನಗೆ ಹೇಳಿದರು:

"ಸಾಲ್ಲಿಲ್ಲ ಮಾರಾಯ."