ಗೋಡೆಯ ಮೇಲಿನ ಬೊಟ್ಟು

ಹೊಸಹಳ್ಳಿಯ ಆ ಬಾಡಿಗೆ ಮನೆಯ ಹಾಲ್‌ನ ಗೋಡೆ ಈಗಲೂ ನನಗೆ ಬೇಕು. ಮನೆ ಯಾರಾದರೂ ಇಟ್ಟುಕೊಳ್ಳಲಿ, ಗೋಡೆ ಸಾಕು. ಅಲ್ಲಿ ಅಮ್ಮನ ಸ್ಟಿಕರ್ ಬೊಟ್ಟು ಅಂಟಿರುತ್ತಿತ್ತು. ಎದುರಿಗೆ ಅಡುಗೆಮನೆ ಬಾಗಿಲಲ್ಲಿ ನಾನು ಏರ್ ರೈಫಲ್ ಹಿಡಿದು ನಿಂತಿರುತ್ತಿದ್ದೆ, ಪಕ್ಕದಲ್ಲಿ ಅಮ್ಮ. ಅವಳೀಗ ಇಲ್ಲ.

ಕಾಲೇಜಿನ ದಿನಗಳವು. ವಿಜಯನಗರದ ಒಂದು ಬೇಸ್‌ಮೆಂಟಿನಲ್ಲಿ ಶೂಟಿಂಗ್ ಕಲಿಯುತ್ತಿದ್ದೆ. ಮನೆಯಲ್ಲಿ ಗುಂಡು ಹಾಕದೆ ಖಾಲಿ ರೈಫಲಿನಲ್ಲೇ ಅಭ್ಯಾಸ ಮಾಡಿ ಎನ್ನುತ್ತಿದ್ದರು ಕೋಚ್. ನಳಿಗೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆಯಬೇಕು, ನಾಣ್ಯ ಬೀಳಬಾರದು. ಕೇಳುವುದಕ್ಕೇನೋ ಸುಲಭ. ಉಸಿರು ಸ್ವಲ್ಪ ಹೆಚ್ಚುಕಮ್ಮಿಯಾದರೂ ಠಣ್ ಅಂತ ನೆಲಕ್ಕೆ.

ಗುರಿ ಇಡಲು ಗೋಡೆಯ ಮೇಲೆ ಒಂದು ಚುಕ್ಕೆ ಬೇಕು ಎಂದಾಗ ಅಮ್ಮ ಬೀರುವಿನಿಂದ ಮರೂನ್ ಬೊಟ್ಟಿನ ಪ್ಯಾಕೆಟ್ ತಂದುಕೊಟ್ಟಳು. "ತಗೋ, ಇದನ್ನ ಅಂಟಿಸ್ಕೋ. ನಂಗಿನ್ಯಾಕೆ?"

ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವತ್ತು ದೊಡ್ಡಮ್ಮ ಅಮ್ಮನ ಹಣೆ ಒರೆಸಿದ್ದಳು. ಅವಳ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದ್ದೆ, ಇವತ್ತಿಗೂ ಆ ಶಾಪ ವಾಪಸ್ ತಗೊಂಡಿಲ್ಲ. ಅಮ್ಮನ ಬೋಳು ಹಣೆ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ದಿನಾ ಸಂಜೆ ಆಟ. ಬೊಟ್ಟನ್ನು ಸ್ವಿಚ್‌ಬೋರ್ಡಿನ ಪಕ್ಕವೋ ಕ್ಯಾಲೆಂಡರಿನ ಕೆಳಗೋ ಅಮ್ಮನೇ ಅಂಟಿಸುವಳು, ನಾಣ್ಯವನ್ನೂ ಅವಳೇ ಇಡುವಳು. ಒಂದೇ ಅವಕಾಶ. ಗೆದ್ದರೆ ನಾನು ಕೇಳಿದ ತಿಂಡಿ, ಸೋತರೆ ಪಾತ್ರೆ ನನ್ನದು. ನಾಣ್ಯ ಸರಿಯಾಗಿ ಇಟ್ಟಿಲ್ಲ ಎಂದು ಗೊಣಗಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಹೋಗ್, ಪಾತ್ರೆ ತೊಳಿ" ಎಂದು ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳ ನಗು ಕೇಳಿಸಿದ್ದು ಆ ಆಟದಲ್ಲೇ.

ಪ್ಯಾಕೆಟ್ಟಿನ ಕೊನೆಯ ಬೊಟ್ಟು ಅಂಟಿಸಿದ ಸಂಜೆ ನಾನು ಪಂದ್ಯ ಬದಲಿಸಿದೆ. "ತಿಂಡಿ ಬೇಡಮ್ಮ. ನಾನ್ ಗೆದ್ರೆ ಆ ಬೊಟ್ಟು ನೀನ್ ಇಟ್ಕೋಬೇಕು."

"ಹುಚ್ಚು ಹಿಡೀತಾ ನಿಂಗೆ? ನೋಡ್ದೋರು ಏನಂತಾರೆ?"

"ಅಂದ್ಕೊಳ್ಳಲಿ ಬಿಡು."

 ಅಮ್ಮ ನಾಣ್ಯ ಇಟ್ಟಳು. ಅಷ್ಟು ದಿನ ಪಳಗಿದ್ದ ನನ್ನ ಉಸಿರು ಅವತ್ತೇ ತಪ್ಪಬೇಕೇ! ಠಣ್.

ಅಳು ತಡೆದುಕೊಂಡು ರೈಫಲ್ ಒರಗಿಸಿ ಪಾತ್ರೆಯ ಕಡೆ ಹೊರಟೆ.

"ಏ, ಎಲ್ಲಿಗೆ?"

ತಿರುಗಿ ನೋಡಿದರೆ ಅಮ್ಮ ದಿವಾನಿನ ಕೆಳಗಿಂದ ನಾಣ್ಯ ಹೆಕ್ಕಿ ಸೆರಗಿನಲ್ಲಿ ಒರೆಸುತ್ತಿದ್ದಳು. "ನಾನೇ ಸರಿಯಾಗಿ ಇಟ್ಟಿರ್ಲಿಲ್ಲ ಕಣೇ. ಬಾ, ಇನ್ನೊಂದ್ಸಲ ನಿಂತ್ಕೋ."

ಈ ಸಲ ನಾಣ್ಯ ಅಲುಗಲಿಲ್ಲ. ಅಮ್ಮ ಗೋಡೆಯಿಂದ ಬೊಟ್ಟು ಕಿತ್ತು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಎದುರಿಗೆ ನಿಂತಳು. "ದೊಡ್ಡ ಗುರಿಗಾರ್ತಿ ಅಲ್ವಾ? ನೀನೇ ಇಡು. ಮಧ್ಯಕ್ಕೆ ಇಡು."

ಕಣ್ಣು ತುಂಬಿ ನನಗೆ ಹಣೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಬೊಟ್ಟು ಕೊಂಚ ಎಡಕ್ಕೆ ಹೋಯಿತು. ಆಮೇಲೆ ಕನ್ನಡಿ ನೋಡಿಕೊಂಡರೂ ಅಮ್ಮ ಅದನ್ನು ಸರಿಮಾಡಿಕೊಳ್ಳಲಿಲ್ಲ.