ಚಿಕ್ಕಪ್ಪನ ಗಾಡಿಗೆ ಎಣ್ಣೆಸ್ನಾನ

ಕಳೆದ ವಾರ ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಹೊಡೆಯೋಣವೆಂದು ಎನಾಮಲ್ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ಎಬ್ಬಿಸಿದೆ. ಒಳಗಿನ ಆ ಘಾಟು ಮೂಗಿಗೆ ತಾಗಿದ್ದೇ ತಡ, ವಯಸ್ಸು ಐವತ್ತರ ಹತ್ತಿರ ಬಂದಿದೆ ಎನ್ನುವುದೂ ಮರೆತುಹೋಗಿ ಮೈ ಜುಮ್ಮೆಂದಿತು. ಬೇರೆಯವರಿಗೆ ಈ ವಾಸನೆಗೆ ತಲೆನೋವು ಬರುತ್ತದಂತೆ. ನನಗೆ ಹಸಿವಾಗುತ್ತದೆ, ನಗು ಬರುತ್ತದೆ, ಎಲ್ಲಿಗಾದರೂ ಓಡಿಹೋಗಿ ಯಾರನ್ನಾದರೂ ಕೂಗಬೇಕು ಅನ್ನಿಸುತ್ತದೆ. ಕೂಗಿದರೆ ಓಗೊಡಬೇಕಾದವರಲ್ಲಿ ಈಗ ಹೆಚ್ಚಿನವರು ಇಲ್ಲ. ನಿಮ್ಮ ಬಾಲ್ಯದಲ್ಲೂ ಇಂಥದ್ದೊಂದು ವಾಸನೆ ಇದ್ದೀತು. ಅದು ಯಾವುದೇ ಇರಲಿ, ಅದನ್ನೊಮ್ಮೆ ನೆನೆಸಿಕೊಂಡು ನನ್ನ ಜೊತೆ ಚಾಮರಾಜಪೇಟೆಯ ಆ ಮನೆಯ ಗೇಟು ತಳ್ಳಿಕೊಂಡು ಒಳಗೆ ಬನ್ನಿ.

ಗೇಟಿನ ಬಲಕ್ಕೆ ಹೊಂಗೆ ಮರ, ಮರದ ಕೆಳಗೆ ನಮ್ಮ ಹಳೆಯ ಪಿಕಪ್ ಗಾಡಿ. ತರಗುಪೇಟೆಯಲ್ಲಿ ಅಪ್ಪನಿಗೆ ಬೇಳೆಕಾಳಿನ ಮಂಡಿ ಇತ್ತು. ವರ್ಷಗಟ್ಟಲೆ ತೊಗರಿ, ಕಡಲೆ ಮೂಟೆ ಹೊತ್ತು ಸುಸ್ತಾದ ಗಾಡಿ ಅದು. ಹೊಸ ಗಾಡಿ ಬಂದ ಮೇಲೆ ಇದು ಅಂಗಳ ಸೇರಿತು. ಎಂಜಿನ್ನು ಗಟ್ಟಿಯಾಗಿಯೇ ಇತ್ತು, ಮೈಗೆ ಮಾತ್ರ ತುಕ್ಕು ಹತ್ತಿತ್ತು. ನನಗೆ ಅದು ಆಟದ ಬಸ್ಸು, ಅಜ್ಜಿಗೆ ಸಂಡಿಗೆ ಒಣಗಿಸುವ ಜಾಗ, ಅಪ್ಪನಿಗೆ ಗುಜರಿಗೆ ಹಾಕಬೇಕಾದ ಸಾಮಾನು. ಚಂದ್ರು ಚಿಕ್ಕಪ್ಪನೊಬ್ಬನಿಗೆ ಮಾತ್ರ ಅದು ಗಾಡಿಯಾಗಿ ಕಾಣುತ್ತಿತ್ತು. ಅವನು ಅಪ್ಪನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಅಜ್ಜಿಯ ಕೊನೆಯ ಮಗ. ಅವನು ಮನೆಯಲ್ಲಿದ್ದಾನೆ ಎನ್ನುವುದು ಅವನ ಸಿಳ್ಳೆಯಿಂದಲೇ ಗೊತ್ತಾಗುತ್ತಿತ್ತು. ಅವನಿದ್ದ ಕಾರ್ಖಾನೆ ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಮಂಡಿಯಲ್ಲಿ ಕೂರಿಸಿದರೆ ಬೇಳೆ ಧೂಳಿಗೆ ಸೀನುತ್ತಾ, ಗಿರಾಕಿಗಳ ಜೊತೆ ಹರಟುತ್ತಾ ಅಪ್ಪನ ಸಿಟ್ಟು ನೆತ್ತಿಗೇರಿಸುತ್ತಿದ್ದ. ದಾವಣಗೆರೆಯಲ್ಲಿರುವ ತಮ್ಮ ಸೋದರಮಾವನ ಹತ್ತಿ ಮಂಡಿಗೆ ಇವನನ್ನು ಕಳಿಸಿಬಿಡುವುದೆಂದು ಅಪ್ಪ ತೀರ್ಮಾನ ಮಾಡಿದ್ದರು.

ಅಷ್ಟರಲ್ಲಿ ನಮ್ಮ ರಸ್ತೆಯ ಮದುವೆ ಛತ್ರದ ಮ್ಯಾನೇಜರು, ಮಾರ್ಕೆಟ್ಟಿನಿಂದ ತರಕಾರಿ, ಬಾಳೆಎಲೆ, ಹೂವು ತರಲು ಒಂದು ಗಾಡಿ ಬೇಕೆಂದು ಹುಡುಕುತ್ತಿರುವ ಸುದ್ದಿ ಬಂತು. ಚಿಕ್ಕಪ್ಪ ಓಡಿಹೋಗಿ ಮಾತಾಡಿದ. ಸೋಮವಾರ ಬಂದು ನೋಡುತ್ತೇನೆ, ಮದುವೆ ಮನೆ ಮುಂದೆ ನಿಲ್ಲುವ ಗಾಡಿ ನೋಡಲು ಲಕ್ಷಣವಾಗಿರಬೇಕು ಎಂದರಂತೆ ಅವರು. ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಸೋಮವಾರದ ತನಕ ಕಾಯ್ತೀನಿ ಚಂದ್ರು. ಅವ್ರು ಒಪ್ಪಿದ್ರೆ ಗಾಡಿ ನಿಂದು. ಇಲ್ಲಾಂದ್ರೆ ಗಾಡಿ ಗುಜರಿಗೆ, ನೀನು ದಾವಣಗೆರೆಗೆ." ಅಜ್ಜಿಯ ಕೈಯ ಸಾರಿನ ಸೌಟು ಅಲ್ಲೇ ನಿಂತಿತು. ನನಗೆ ಹತ್ತು ವರ್ಷ. ಚಿಕ್ಕಪ್ಪ ಇಲ್ಲದ ಮನೆಯಲ್ಲಿ ಬೇಸಿಗೆ ರಜೆಯನ್ನು ಏನು ಮಾಡುವುದೆಂದು ನನಗೆ ಹೊಳೆಯಲೇ ಇಲ್ಲ.

ಪೇಂಟರ್ ಕರೆಸುವ ಮಾತೇ ಇರಲಿಲ್ಲ. "ನಾವೇ ಹೊಡಿಯೋಣ ಗಿರಿಜಾ, ಅದೇನ್ ಮಹಾ!" ಎಂದು ನನ್ನ ಬೆನ್ನು ತಟ್ಟಿದ ಚಿಕ್ಕಪ್ಪ ಅಲ್ಲಿಯವರೆಗೆ ಕುಂಚ ಹಿಡಿದದ್ದು ದೀಪಾವಳಿಗೆ ತುಳಸಿಕಟ್ಟೆಗೆ ಸುಣ್ಣ ಬಳಿಯಲು ಮಾತ್ರ. ಗುರುವಾರ ಬೆಳಗ್ಗೆಯೇ ಶುರು. ತುಕ್ಕು ತೆಗೆಯುವುದು ಹೇಗೆಂದು ಅವನು ತಲೆ ಕೆರೆದುಕೊಳ್ಳುತ್ತಿದ್ದರೆ ಅಜ್ಜಿ ಒಳಗಿಂದ ಒಂದು ಬೋಗುಣಿ ಹಳೆಯ ಕಪ್ಪು ಹುಣಸೆಹಣ್ಣು ಕಿವುಚಿಕೊಂಡು ಬಂದಳು. ತಾಮ್ರದ ಹಂಡೆಗೆ ಆಗುವುದು ಕಬ್ಬಿಣಕ್ಕೆ ಯಾಕಾಗದು ಎಂಬುದು ಅವಳ ವಾದ. ಆಯಿತು ನೋಡಿ! ಹುಳಿ ಬಳಿದು, ತೆಂಗಿನ ನಾರಿನಲ್ಲಿ ತಿಕ್ಕಿ, ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದರೆ ಕೆಂಪಗೆ ಪುಡಿಪುಡಿ ಉದುರಿ ಒಳಗಿನ ಬೆಳ್ಳನೆಯ ಕಬ್ಬಿಣ ಹೊಳೆಯತೊಡಗಿತು. ನನ್ನ ಬೆರಳ ತುದಿಗಳು ಸುಲಿದುಹೋದವು. ಅಮ್ಮ ಬೈದರೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಗಾಡಿ ಮೈಯೆಲ್ಲ ಬೆತ್ತಲಾಗಿ ನಿಂತಿತ್ತು; ನಾಳೆ ಕೆಂಪು ಪ್ರೈಮರು, ಭಾನುವಾರ ನವಿಲುನೀಲಿ ಎಂದು ಚಿಕ್ಕಪ್ಪ ಸಿಳ್ಳೆಯಲ್ಲೇ ಸಾರಿದ.

ಮಾರನೆಯ ಬೆಳಗ್ಗೆ ಕಣ್ಣುಬಿಟ್ಟವಳೇ ಅಂಗಳಕ್ಕೆ ಓಡಿದೆ. ಅಜ್ಜಿ ಆಗಲೇ ಅಲ್ಲಿದ್ದಳು. ಸೆರಗು ಸಿಕ್ಕಿಸಿಕೊಂಡು, ಬಿಳಿ ಪಂಚೆಯ ಚೂರನ್ನು ಬಟ್ಟಲಿಗೆ ಅದ್ದಿ ಅದ್ದಿ, ಬಾನೆಟ್ಟನ್ನು ಮಗುವಿನ ಬೆನ್ನು ನೀವುವ ಹಾಗೆ ನೀವುತ್ತಿದ್ದಳು. ಬಟ್ಟಲಲ್ಲಿ ಹರಳೆಣ್ಣೆ. ಬರಿ ಕಬ್ಬಿಣ ಇಬ್ಬನಿಗೆ ಸಿಕ್ಕಿದರೆ ಮತ್ತೆ ತುಕ್ಕು ಹಿಡಿಯುತ್ತದೆ ಎಂದು ಅವಳಿಗೆ ನಿದ್ದೆ ಬಂದಿರಲಿಲ್ಲವಂತೆ. ದೋಸೆ ಕಾವಲಿಯನ್ನು ತೊಳೆದಿಟ್ಟ ಮೇಲೆ ಅವಳು ದಿನಾ ಮಾಡುತ್ತಿದ್ದುದೂ ಇದನ್ನೇ. "ಬಟ್ಲು ಹಿಡ್ಕೊ ಬಾ, ಚಂದ್ರು ಏಳೋದ್ರೊಳಗೆ ಮುಗಿಸ್ಬಿಡಾಣ," ಎಂದಳು. ನಾನು ಖುಷಿಯಿಂದ ಹಿಡಿದೆ. ಬಾಗಿಲು, ಮಡ್‌ಗಾರ್ಡು, ಹಿಂದಿನ ಹಲಗೆ, ಒಂದನ್ನೂ ಬಿಡಲಿಲ್ಲ ನಾವು. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ, ಏನೂ ಅರಿಯದವರಂತೆ ಒಳಗೆ ಹೋಗಿ ಕಾಫಿ ಕುಡಿದೆವು.

ಹತ್ತು ಗಂಟೆಗೆ ಚಿಕ್ಕಪ್ಪ ಪ್ರೈಮರಿಗೆ ಕುಂಚ ಅದ್ದಿ ಬಾನೆಟ್ಟಿನ ಮೇಲೆ ಎಳೆದ. ಬಣ್ಣ ಕೂರಲಿಲ್ಲ. ಒಡೆದ ಹಾಲಿನಂತೆ ಅಲ್ಲಲ್ಲಿ ಗುಂಪಾಗಿ, ನಡುವೆ ಕಣ್ಣು ಕಣ್ಣು ಬಿಟ್ಟುಕೊಂಡು, ಮೆಲ್ಲಗೆ ಕೆಳಗೆ ಜಾರಿತು. ಇನ್ನೊಮ್ಮೆ ಎಳೆದ, ಇನ್ನಷ್ಟು ಜಾರಿತು. ಸಿಳ್ಳೆ ನಿಂತುಹೋಯಿತು. "ಕಳಪೆ ಮಾಲು ಕೊಟ್ಟು ಕೂತವ್ರೆ!" ಎಂದು ಡಬ್ಬಿ ಎತ್ತಿಕೊಂಡು ಬಣ್ಣದ ಅಂಗಡಿಗೆ ನುಗ್ಗಿಯೇಬಿಟ್ಟ. ನನಗೆ ಅಷ್ಟು ಹೊತ್ತಿಗೆ ವಿಷಯ ಅರ್ಥವಾಗಿತ್ತು. ಹೇಳಿದರೆ ಅಜ್ಜಿಗೆ ಬೈಗುಳ, ಹೇಳದಿದ್ದರೆ ಚಿಕ್ಕಪ್ಪ ದಾವಣಗೆರೆಗೆ. ನಾನು ಹೊಂಗೆ ಮರದ ಹಿಂದೆ ಹೋಗಿ ನಿಂತೆ, ಹೇಡಿ.

ಅಂಗಡಿಯ ಯಜಮಾನರು ತಮ್ಮ ಮಾಲಿಗೆ ಕೆಟ್ಟ ಹೆಸರು ಬಂತೆಂದು ಸ್ವತಃ ಹೊರಟು ಬಂದರು. ವಯಸ್ಸಾದವರು, ಪಂಚೆ ಮೇಲೆತ್ತಿ ಕಟ್ಟಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದು, ಬೆರಳಲ್ಲಿ ಸವರಿ, ಮೂಸಿ ನೋಡಿದರು. ಆಮೇಲೆ ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಏನ್ ಸ್ವಾಮಿ, ಗಾಡಿಗೆ ಬಣ್ಣ ಹೊಡೀತಿದೀರೋ, ಬಾಣಂತಿ ಸ್ನಾನ ಮಾಡಿಸ್ತಿದೀರೋ? ಹರಳೆಣ್ಣೆ ರೀ ಇದು!" ಚಿಕ್ಕಪ್ಪ ಕಕ್ಕಾಬಿಕ್ಕಿಯಾಗಿ ನಿಂತ. ನಾನು ಮರದ ಹಿಂದಿನಿಂದ ಗೋಳೋ ಎಂದು ಅಳುತ್ತಾ ಬಂದು, ಬಟ್ಟಲು ಹಿಡಿದದ್ದು ನಾನೇ ಎಂದು ಒಪ್ಪಿಕೊಂಡೆ. ಜಗಲಿಯ ಮೇಲಿದ್ದ ಅಜ್ಜಿ ಕೂತಲ್ಲಿಂದ ಎದ್ದಳು. "ಮಗೂನ ಏನೂ ಅನ್ಬೇಡ ಚಂದ್ರು. ಹಚ್ಚಿದ್ದು ನಾನು. ಕಬ್ಬಿಣ ಅಂದ್ಮೇಲೆ ಎಣ್ಣೆ ಬೇಡ್ವೇನಪ್ಪಾ?" ಎಂದಳು. ಮಗ ಉಳಿಯಲೆಂದು ಮಾಡಿದ ಕೆಲಸ ಅವನನ್ನು ಕಳಿಸಿಬಿಡುತ್ತದೇನೋ ಎಂದು ಅವಳಿಗೆ ಆಗ ಹೊಳೆದಿರಬೇಕು.

ಚಿಕ್ಕಪ್ಪ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ, ಮಿರಿಮಿರಿ ಮಿಂಚುತ್ತಿದ್ದ ಗಾಡಿಯನ್ನು ನೋಡಿದ. ಆಮೇಲೆ ನಕ್ಕ ನಗೆ ಇದೆಯಲ್ಲ, ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಹುಣ್ಣಾಗುತ್ತದೆ. ಮೆಟ್ಟಿಲ ಮೇಲೆ ಕೂತು, ಹಣೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಯಜಮಾನರೂ ನಕ್ಕರು, ಅಮ್ಮನೂ ಹೊರಬಂದು ನಕ್ಕಳು. "ಎಣ್ಣೆ ಹಚ್ಚಿದೀಯಲ್ಲಮ್ಮ, ಸೀಗೇಪುಡಿ ತಗೊಂಬಾ ಮತ್ತೆ, ನೀರು ಹಾಕೋಣ!" ಎಂದ. ಯಜಮಾನರು ಮೊದಲು ಸೀಗೇಪುಡಿ, ಒಣಗಿದ ಮೇಲೆ ಥಿನ್ನರ್ ಬಟ್ಟೆ ಎಂದು ಹೇಳಿಕೊಟ್ಟು ಹೋದರು. ಬಚ್ಚಲ ಹಂಡೆಯ ಬಿಸಿನೀರು ಬಿಂದಿಗೆಗಟ್ಟಲೆ ಅಂಗಳಕ್ಕೆ ಬಂತು. ಅಮ್ಮ ಒಂದು ಬಾಗಿಲು, ಅಜ್ಜಿ ಒಂದು ಬಾಗಿಲು, ನಾನು ಬಾನೆಟ್ಟಿನ ಮೇಲೆ ಕುಕ್ಕರಗಾಲಲ್ಲಿ. ಕಣ್ಣಿಗೆ ಸೀಗೆ ಬಿದ್ದು ಉರಿ, ಕಿರುಚಾಟ, ಗೇಟಿನಾಚೆ ಹೋಗಿಬರುವವರೆಲ್ಲ ನಿಂತು ನೋಡುವವರು. ಅಷ್ಟು ಸಂಭ್ರಮದ ಎಣ್ಣೆಸ್ನಾನ ನಮ್ಮ ಮನೆಯಲ್ಲಿ ಯಾವ ಹಬ್ಬಕ್ಕೂ ಆಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ಗೇಟಿನಲ್ಲೇ ನಿಂತು ಇದನ್ನೆಲ್ಲ ನೋಡಿದರು. "ಹಿಂದ್ಗಡೆ ಹಲಗೆ ಉಜ್ಜೇ ಇಲ್ವಲ್ಲೋ," ಎಂದಷ್ಟೇ ಹೇಳಿ ಒಳಗೆ ಹೋದರು.

ಶನಿವಾರ ಪ್ರೈಮರು ಜಾರದೆ ಕೂತಿತು. ಭಾನುವಾರ ನವಿಲುನೀಲಿ. ಅದು ಕುಂಚದಿಂದ ಇಳಿದು ಹರಡುವುದನ್ನು ನೋಡುತ್ತಾ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕುಂಚದ ಗೆರೆಗಳು ಎದ್ದು ಕಾಣುತ್ತಿದ್ದವು, ಬಾಗಿಲ ಅಂಚಿನಲ್ಲಿ ಎರಡು ಕಡೆ ಬಣ್ಣ ಇಳಿದು ಹೆಪ್ಪುಗಟ್ಟಿತ್ತು, ಹೊಂಗೆ ಮರ ತನ್ನ ಪುಟ್ಟ ಹೂಗಳನ್ನು ಹಸಿಬಣ್ಣದ ಮೇಲೆ ಉದುರಿಸಿ ಅಂಟಿಸಿಬಿಟ್ಟಿತ್ತು. ಕೀಳಲು ಹೋದರೆ ಗುರುತು ಬೀಳುತ್ತದೆಂದು ಹಾಗೇ ಬಿಟ್ಟೆವು. ಸೋಮವಾರ ಅಜ್ಜಿ ಮುಂದಿನ ಗಾಜಿಗೆ ವಿಭೂತಿ ಎಳೆದು ಕೈಮುಗಿದಳು. ಮ್ಯಾನೇಜರು ಬಂದರು, ಸುತ್ತಿದರು, ಹೂಗಳ ಹತ್ತಿರ ಬಗ್ಗಿ ನೋಡಿ "ಇದೇನ್ರೀ ಡಿಸೈನು?" ಎಂದರು. "ಮದ್ವೆ ಗಾಡಿ ಅಲ್ವಾ ಸಾರ್," ಎಂದು ಚಿಕ್ಕಪ್ಪ ಹೇಗೋ ಹೇಳಿದ. ಅವರು ಮೀಸೆಯಡಿಯಲ್ಲಿ ನಕ್ಕು, ಬುಧವಾರ ಬೆಳಗಿನ ಜಾವ ಬಾಳೆಎಲೆಗೆ ಮಾರ್ಕೆಟ್ಟಿಗೆ ಬನ್ನಿ ಎಂದರು. ಅವರು ಗೇಟು ದಾಟಿದ್ದೇ, ಚಿಕ್ಕಪ್ಪ ನನ್ನನ್ನು ಎತ್ತಿ ಗಾಡಿಯ ಹಿಂದೆ ಕೂರಿಸಿ ನಮ್ಮ ರಸ್ತೆಯಲ್ಲಿ ಐದು ಸುತ್ತು ಹೊಡೆದ. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅಷ್ಟು ಸಂತೋಷ ಮತ್ತೆ ನನಗೆ ಯಾವತ್ತೂ ಆಗಿಲ್ಲ, ಸುಳ್ಳು ಯಾಕೆ ಹೇಳಲಿ.

ಅವನನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದು ನಾವು ಆ ಗಾಡಿಗೆ ಬಣ್ಣ ಹೊಡೆದೆವು. ಒಂದು ಛತ್ರ ನಾಲ್ಕಾಯಿತು, ಕೈತುಂಬ ಕೆಲಸ ಬಂತು, ಮದುವೆಯಾಯಿತು. ಮೂರನೆಯ ವರ್ಷ ಚಿಕ್ಕಪ್ಪ ಹನುಮಂತನಗರದಲ್ಲಿ ಬೇರೆ ಮನೆ ಹಿಡಿದ. ಜಗಳವಿಲ್ಲ, ಮುನಿಸಿಲ್ಲ. ತನ್ನ ಕಾಲ ಮೇಲೆ ನಿಂತವನು ತನ್ನದೊಂದು ಮನೆ ಮಾಡುತ್ತಾನೆ, ಅಷ್ಟೇ. ಆದರೆ ನಾನು ಇದನ್ನು ಎಣಿಸಿರಲಿಲ್ಲ. ಅಜ್ಜಿಯೂ ಎಣಿಸಿರಲಿಲ್ಲ. ಈಗ ಆ ಮನೆ ಇಲ್ಲ, ಮರ ಇಲ್ಲ, ಅಜ್ಜಿ ಅಪ್ಪ ಇಬ್ಬರೂ ಇಲ್ಲ. ಗಾಡಿ ಯಾವ ಗುಜರಿಯಲ್ಲಿ ಕರಗಿತೋ ಚಿಕ್ಕಪ್ಪನಿಗೂ ಗೊತ್ತಿಲ್ಲ. ಮನೆ ಖಾಲಿಯಾಗತೊಡಗಿದ್ದು ಯಾವಾಗ ಎಂದು ಕೇಳಿದರೆ ನಾನು ಅವನು ಹೊರಟ ದಿನವನ್ನೇ ಹೇಳುತ್ತೇನೆ.

ಆ ಬೆಳಗ್ಗೆ ಮಂಚ, ಟ್ರಂಕು, ಪಾತ್ರೆ ಎಲ್ಲ ಅದೇ ನೀಲಿ ಗಾಡಿಗೆ ಏರಿದವು. "ಇಲ್ಲೇ ಅಲ್ವೇನಮ್ಮ, ಕೂಗಿದ್ರೆ ಕೇಳ್ಸತ್ತೆ," ಎಂದು ನಗಿಸಿ ಚಿಕ್ಕಪ್ಪ ಹೊರಟ. ಮಧ್ಯಾಹ್ನ ಅಜ್ಜಿ ಎಂದಿನಂತೆ ತಟ್ಟೆ ಹಾಕಿದಳು, ಸಾಲಾಗಿ ಬಡಿಸುತ್ತಾ ಬಂದಳು. ಅಪ್ಪನ ಪಕ್ಕದ ತಟ್ಟೆಗೆ ಅನ್ನ ಹಾಕಿ, ಸಾರು ಬಿಟ್ಟು, ತುಪ್ಪ ಬಡಿಸಿದ ಮೇಲೆ ಅವಳಿಗೆ ಗೊತ್ತಾಯಿತು. ತುಪ್ಪದ ಮಿಳ್ಳೆ ಹಿಡಿದುಕೊಂಡು ಹಾಗೇ ನಿಂತಳು. ಅಪ್ಪ ತಮ್ಮ ಊಟ ಮುಗಿಸಿದರು, ನೀರು ಕುಡಿದರು, ಆಮೇಲೆ ತಮ್ಮನ ತಟ್ಟೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡು ಅದನ್ನೂ ಊಟ ಮಾಡಿದರು.