ನೀಲಗಂಗವ್ವನ ಮೀನಿನ ನೀರು

ಶಿರಸಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನೀಲಗಂಗವ್ವನ ಖಾನಾವಳಿ ಇತ್ತು. ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಹೊಡೆಸುವ ಕಾರಕೂನನಾಗಿ ನಾನು ಊರಿಗೆ ಬಂದದ್ದು ೧೯೬೧ರಲ್ಲಿ. ಅಂದಿನಿಂದ ಎರಡು ಹೊತ್ತಿನ ಊಟ ಅಲ್ಲೇ. ಮೆಟ್ರಿಕ್‌ನಲ್ಲಿ ನನಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಆ ಅಂಕಗಳನ್ನು ಬಿಟ್ಟರೆ ನನ್ನಲ್ಲಿ ಬೇರೆ ವಿಜ್ಞಾನವೇನೂ ಇಲ್ಲವೆಂಬುದು ಊರಿಗೆ ಇನ್ನೂ ಗೊತ್ತಾಗಿರಲಿಲ್ಲ.

ನೀಲಗಂಗವ್ವ ಬನವಾಸಿ ಕಡೆಯವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಮಗ ಚನ್ನಯ್ಯನನ್ನು ಕಂಕುಳಲ್ಲಿ ಎತ್ತಿಕೊಂಡು ಶಿರಸಿಗೆ ಬಂದು, ಕಂಡವರ ಮನೆಯಲ್ಲಿ ರೊಟ್ಟಿ ಬಡಿದು, ಕೊನೆಗೆ ಸ್ವಂತ ಒಲೆ ಹೂಡಿದವಳು. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದವನಿಗೆ ಮರುದಿನ ಒಂದು ಸೌಟು ಕಡಿಮೆ ಬಡಿಸುತ್ತಿದ್ದಳು. ಮಾಮಲೇದಾರ ಕಚೇರಿಯ ಸಿಪಾಯಿಗೂ ಅದೇ ಶಿಕ್ಷೆ, ನನಗೂ ಅದೇ.

ಊಟದ ಕೋಣೆಯ ಕಟ್ಟೆಯ ಮೇಲೆ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಕೆಂಪು ಮೀನುಗಳು. ಲಿಂಗವಂತರ ಖಾನಾವಳಿಯಲ್ಲಿ ಮೀನು! ಕರಾವಳಿಯ ಲಾರಿ ಡ್ರೈವರುಗಳು ಕಣ್ಣರಳಿಸಿ, "ಮೀನು ಉಂಟಾ ಅವ್ವಾ?" ಎಂದು ಕೇಳಿದರೆ, "ಐತಲ್ಲೋ. ನೋಡ್ಕೋತ ಉಣ್ಣು, ರೊಟ್ಟಿ ಎರಡ ಜಾಸ್ತಿ ಹೋಗ್ತಾವ" ಎನ್ನುತ್ತಿದ್ದಳು.

ಆ ಪೆಟ್ಟಿಗೆಯನ್ನು ಹುಬ್ಬಳ್ಳಿಯಿಂದ ತಂದವನು ಚನ್ನಯ್ಯ. ಲಾರಿಯ ಕ್ಲೀನರ್ ಆಗಿದ್ದ. ಬ್ಯಾರಲ್‌ನಿಂದ ಡೀಸೆಲ್ ಇಳಿಸಿ ಗೊತ್ತಿದ್ದವನು, ಅದೇ ಉಪಾಯವನ್ನು ಮೀನಿಗೂ ಹೂಡಿದ್ದ. ರಬ್ಬರ್ ನಳಿಗೆಯ ಒಂದು ತುದಿಯನ್ನು ನೀರಿನ ತಳಕ್ಕೆ ಬಿಟ್ಟು, ಇನ್ನೊಂದನ್ನು ಬಾಯಿಂದ ಎಳೆದು, ನೀರು ಬಂದೊಡನೆ ಬಕೇಟಿಗೆ ಇಳಿಸುವುದು. ತಳದ ಹೊಲಸೆಲ್ಲ ತಾನಾಗಿಯೇ ಹರಿದು ಬರುತ್ತಿತ್ತು. ನಾನು ಬಂದ ವರ್ಷದ ಮಳೆಗಾಲದಲ್ಲೇ, ಇಡಗುಂದಿ ದಾಟಿದ ಮೇಲೆ ಘಟ್ಟದಲ್ಲಿ ಅವನಿದ್ದ ಲಾರಿ ಉರುಳಿತು. ಚನ್ನಯ್ಯ ಉಳಿಯಲಿಲ್ಲ.

ಖಾನಾವಳಿ ಮತ್ತೆ ತೆರೆಯಿತು. ರೊಟ್ಟಿ ಬಡಿಯುವ ಸದ್ದು ಮೊದಲಿನಂತೆಯೇ ಕೇಳುತ್ತಿತ್ತು. ಆದರೆ ಪೆಟ್ಟಿಗೆಯ ನೀರು ಆರಿದಷ್ಟಕ್ಕೆ ನೀಲಗಂಗವ್ವ ಒಂದು ತಂಬಿಗೆ ಸುರಿಯುತ್ತಿದ್ದಳೇ ಹೊರತು, ಹಳೆಯದನ್ನು ತೆಗೆಯಲು ಯಾರನ್ನೂ ಬಿಡುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ನೀರು ಹಸಿರುಗಟ್ಟಿ ಮೀನುಗಳು ಒಂದೊಂದಾಗಿ ಸಾಯತೊಡಗಿದವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಒಂದು ಭಾನುವಾರ ನಾನು ಅಂಗಿಯ ತೋಳು ಮಡಿಸಿದೆ. "ಪೂರ್ತಿ ಖಾಲಿ ಮಾಡಿ, ಬೂದಿ ಹಾಕಿ ತಿಕ್ಕಿಬಿಡ್ತೀನಿ ಅವ್ವಾ."

"ಆ ನೀರ ಚೆಲ್ಲಬ್ಯಾಡ್ರಿ ತಮ್ಮಾ" ಎಂದಳು. "ನನ್ನ ಮಗ ಬಾಯಿ ಹಚ್ಚಿ ಎಳೆದ ನೀರದು. ಅವನ ಎಂಜಲ ಐತಿ ಅದರಾಗ. ಅವಂದು ಅಂತ ಮತ್ತೇನ ಉಳದೈತಿ ನನಗ?"

"ಮೀನೂ ಅವನವೇ ಅಲ್ವಾ ಅವ್ವಾ? ಹೀಗೇ ಬಿಟ್ರೆ ಒಂದೂ ಉಳಿಯೋದಿಲ್ಲ."

ಅವಳು ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ಕೊನೆಗೆ, "ತಳದ್ದಷ್ಟ ತೆಗೀರಿ" ಎಂದು ನಳಿಗೆ ತಂದುಕೊಟ್ಟಳು.

ಬಗ್ಗಲು ಬೇಸರವೆಂದು ಬಕೇಟನ್ನು ಪೆಟ್ಟಿಗೆಯ ಪಕ್ಕದಲ್ಲೇ, ಕಟ್ಟೆಯ ಮೇಲಿದ್ದ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಂಡೆ. ಜೋರಾಗಿ ಎಳೆದೆ. ಬಾಯಿ ತುಂಬ ಹಸಿರು ನೀರು ಬಂತು, ಬಕೇಟಿಗೆ ಮಾತ್ರ ಹನಿಯೂ ಬೀಳಲಿಲ್ಲ. ಊಟಕ್ಕೆ ಕೂತಿದ್ದ ಅಂಚೆ ಕಚೇರಿಯ ರಘುಪತಿ ನಕ್ಕ.

"ಎಂತಾ ಮಾರಾಯಾ, ಬಕೇಟು ಕೆಳಗಿಡಾ! ನೀರೆಂತ ನಿನ್ನ ಹಾಂಗೆ ಬಡ್ತಿ ಬೇಕು ಹೇಳಿ ಮೇಲೆ ಹತ್ತತ್ತಾ?"

ನಾನು ಉಗುಳುತ್ತಿರುವಾಗಲೇ ನೀಲಗಂಗವ್ವ ನಳಿಗೆ ಕಸಿದುಕೊಂಡು ಸೆರಗಿನಿಂದ ಒರೆಸಿದಳು. "ನಿಮ್ಮ ಎಂಜಲ ಯಾಕ ಕೂಡಸ್ತೀರಿ? ನಾನ ಎಳೀತೀನಿ."

ಬಕೇಟನ್ನು ನೆಲಕ್ಕಿಳಿಸಿ, ಕೂತು, ಎಳೆದಳು. ನೀರು ಬಾಯಿಗೆ ಬಂದದ್ದು ಕೆನ್ನೆಯಲ್ಲೇ ತಿಳಿಯಿತು. ಉಗುಳಲಿಲ್ಲ, ನುಂಗಿದಳು. ತುದಿಯನ್ನು ಬಕೇಟಿಗೆ ಇಳಿಸಿದಳು. ತಳದ ಕಪ್ಪು ಹೊಲಸು ನಳಿಗೆ ಹಿಡಿದು ಬರತೊಡಗಿತು. ಅವಳು ಹರಿಯುವ ನೀರನ್ನೇ ನೋಡುತ್ತಿದ್ದಳು.

"ತಮ್ಮಾ, ನೀರ ಈ ಕಡೀಗೆ ಬರ್ತೈತಿ" ಎಂದಳು ಮೆಲ್ಲಗೆ. "ಬಾಯಿಂದ ಆ ಕಡೀಗೆ ಹೋಗೂದ ಇಲ್ಲ. ಹೌದಲ್ಲ?"

ನನ್ನ ಎಲ್ಲ ಅಂಕಗಳಿಗೂ ಉತ್ತರ ಗೊತ್ತಿತ್ತು. ಒಂದು ಸುಳ್ಳು ಸಿಕ್ಕಿದ್ದರೆ ಹೇಳುತ್ತಿದ್ದೆ, ಸಿಗಲಿಲ್ಲ. "ಹೋಗೋದಿಲ್ಲ ಅವ್ವಾ" ಎಂದೆ.

"ಹಂಗಾರ ಅವಂದು ಇದರಾಗ ಏನೂ ಇರಲೇ ಇಲ್ಲ."

ರಘುಪತಿ ರೊಟ್ಟಿಯ ತುಂಡನ್ನು ಕೈಯಲ್ಲೇ ಹಿಡಿದು ಕೂತಿದ್ದ. ನಾನು ನಳಿಗೆ ತೆಗೆಯಲು ಹೋದೆ. ಅವಳು ಕೈ ಅಡ್ಡ ಹಿಡಿದಳು. ನೀರು ಇಳಿಯುತ್ತಲೇ ಇತ್ತು. ಎಲ್ಲವನ್ನೂ ಹರಿಯಲು ಬಿಡುತ್ತಾಳೇನೋ ಎಂದು ನನಗೆ ಭಯವಾಯಿತು. ಪೆಟ್ಟಿಗೆ ಅರ್ಧಕ್ಕೆ ಬಂದಾಗ ಅವಳೇ ನಳಿಗೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಸಾಕು. ಮೀನಿಗೆ ಇಷ್ಟ ಬೇಕು."

ಬಕೇಟನ್ನು ಅವಳೇ ಹೊತ್ತೊಯ್ದು ಹಿತ್ತಲಿನ ಗಟಾರಕ್ಕೆ ಸುರಿದಳು. ನೀರು ಇಂಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಬಾವಿಯಿಂದ ಒಂದು ಕೊಡ ಸೇದಿ ತಂದು, ಮೀನು ಬೆದರದಂತೆ ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಹೊಸ ನೀರನ್ನು ಪೆಟ್ಟಿಗೆಗೆ ಇಳಿಸತೊಡಗಿದಳು. ಬಹಳ ಹೊತ್ತು ಮೀನುಗಳು ಮೇಲೆಯೇ ಇದ್ದವು. ಕೊಡ ಬರಿದಾಗುವ ಹೊತ್ತಿಗೆ ಒಂದು ಮೀನು ತಳಕ್ಕೆ ಇಳಿಯಿತು. ನೀಲಗಂಗವ್ವ ಅದನ್ನು ನೋಡಿ ಇನ್ನೊಂದು ಕೊಡ ತರಲು ಹೋದಳು.